ಭೂಪಟದ ಅಂಕಿಗಳೂ ಅವುಗಳ ಆಧಾರವೂ

ಒಂದು ಊರಿನ ಅಕ್ಷಾಂಶ ರೇಖಾಂಶಗಳನ್ನು ಓದಿದೊಡನೆ ಅದರ ಸ್ಥಾನ ತಿಳಿಯಿತೆಂದು ನಾವು ಭಾವಿಸುತ್ತೇವೆ. ಆ ಅಂಕಿಗಳನ್ನು ಯಾವ ಆಧಾರದಿಂದ, ಯಾವ ಮಾನದಿಂದ ಅಳೆದರೆಂಬುದನ್ನು ಅರಿಯದಿದ್ದರೆ ಆ ತಿಳಿವು ಅರ್ಧವೇ ಸರಿ. ನಮ್ಮ ದೇಶದ ಮೋಜಣಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿಯ ರೇಖೆಯೊಂದನ್ನು ಅಳೆದನು. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಅಳೆದ ಇನ್ನೊಂದು ರೇಖೆಯಿಂದ ತಾಳೆ ನೋಡಿ, ಮುಂದೆ ಮಂಗಳೂರಿನ ತೀರವನ್ನು ಮುಟ್ಟಿದನು. ಹಿಂದಿನ ಪಟಗಳು ಪರ್ಯಾಯದ್ವೀಪವನ್ನು ಸುಮಾರು 40 ಮೈಲಿ ಹೆಚ್ಚು ಅಗಲವಾಗಿ ತೋರಿಸಿದ್ದುವೆಂಬುದು ಆಗ ಹೊರಬಿದ್ದಿತು.

ಅವನ ಬಳಿಕ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರದ ಲೆಕ್ಕವನ್ನು ಪ್ರಕಟಿಸಿದನು. ಮಧ್ಯಭಾರತದ ಕಲ್ಯಾಣಪುರವು ಮೋಜಣಿಯ ಮೂಲಸ್ಥಾನವಾಯಿತು. ಇಂತಹ ಆಕಾರ, ಇಂತಹ ಮೂಲಸ್ಥಾನ ಎಂದು ನಿಶ್ಚಯಿಸುವುದನ್ನೇ ನಾವಿಲ್ಲಿ ಆಧಾರವೆಂದು ಕರೆದಿದ್ದೇವೆ.

ಮಾನದ ವಿಷಯವೂ ಅಷ್ಟೇ ಸೂಕ್ಷ್ಮ. ಎವರೆಸ್ಟನ ಲೆಕ್ಕದಲ್ಲಿ ಭೂಮಧ್ಯರೇಖೆಯ ತ್ರಿಜ್ಯ 2,09,22,931.8 ಅಡಿ. ಅಡಿಯೊಂದಕ್ಕೆ 0.30479841 ಮೀಟರೆಂದು ಹಿಡಿದರೆ ಅದು 63,77,276 ಮೀಟರಾಗುತ್ತದೆ, 0.3047996 ಎಂದು ಹಿಡಿದರೆ 63,77,301 ಮೀಟರು. ಎರಡು ಎಣಿಕೆಗಳೂ ಬಳಕೆಗೆ ಬಂದುವು.

ರೇಖಾಂಶದ ಕಥೆ ಇನ್ನೂ ಸ್ವಾರಸ್ಯಕರ. ಮದರಾಸಿನ ಖಗೋಳ ವೀಕ್ಷಣಾಲಯವು ಗ್ರೀನಿಚ್ಚಿನಿಂದ ಎಷ್ಟು ಪೂರ್ವಕ್ಕಿದೆಯೆಂಬ ಹಳೆಯ ಎಣಿಕೆಯು ಸುಮಾರು ಎರಡೂವರೆ ಕಲೆ ಹೆಚ್ಚಾಗಿತ್ತು. ಅದನ್ನು ನಂಬಿದ ಪಟಗಳಲ್ಲೆಲ್ಲ ಆ ದೋಷ ಉಳಿಯಿತು. ನಮ್ಮ ಗಡಿನಾಡಿನ ಅಕ್ಷಾಂಶದಲ್ಲಿ ಅದು ನಾಲ್ಕೂವರೆ ಕಿಲೋಮೀಟರಿನಷ್ಟು. ಒಂದು ಹಳ್ಳಿಯನ್ನು ಪಕ್ಕದ ರಾಜ್ಯಕ್ಕೆ ದಾಟಿಸಲು ಅಷ್ಟು ಸಾಕು!

2005ರ ರಾಷ್ಟ್ರೀಯ ಭೂಪಟ ನೀತಿಯ ಬಳಿಕ ಸಾರ್ವಜನಿಕರ ಪಟಗಳು ಡಬ್ಲ್ಯು.ಜಿ.ಎಸ್. 84 ಎಂಬ ಜಾಗತಿಕ ಆಧಾರವನ್ನು ಅನುಸರಿಸಿದುವು. ಕೈಫೋನು ತೋರುವ ಅಂಕಿಗಳೂ ಅದೇ ಆಧಾರದವು. ಅವನ್ನು ಎವರೆಸ್ಟನ ಆಧಾರದ ಹಳೆಯ ಪಟದ ಮೇಲೆ ಹಾಗೆಯೇ ಗುರುತಿಸಿದರೆ ನಮ್ಮ ಶಾಲೆಯು ನೂರು ಮೀಟರಿಗೂ ಹೆಚ್ಚು ದೂರ ಸರಿದೀತು.

ಇನ್ನೊಂದು ಎಚ್ಚರಿಕೆ ವಿದ್ಯಾರ್ಥಿಗಳಿಗೆ. 12 ಅಂಶ 30 ಕಲೆಯೆಂದರೆ 12.5 ಅಂಶ. ಅದನ್ನು 12.30 ಎಂದು ಬರೆದುಕೊಂಡರೆ ಊರು ಸುಮಾರು 22 ಕಿಲೋಮೀಟರು ದಕ್ಷಿಣಕ್ಕೆ ಜಾರುತ್ತದೆ.

ಆದುದರಿಂದ ಉಪಾಧ್ಯಾಯರು ಪಟವನ್ನು ಗೋಡೆಗೆ ತೂಗುಹಾಕಿದಾಗ ಅದರ ಅಂಚಿನ ಸಣ್ಣಕ್ಷರಗಳನ್ನು ಮೊದಲು ಓದಿಸಲಿ. ಆಧಾರ ಯಾವುದು, ಮಾನ ಯಾವುದು, ಮೋಜಣಿ ನಡೆದ ವರ್ಷ ಯಾವುದು ಎಂದು ಕೇಳಲಿ. ಊರನ್ನು ಹುಡುಕುವ ಕೆಲಸ ಆಮೇಲಿನದು.