ಗಡಿಯಾಚೆಯ ಕನ್ನಡದ ಓಟು: ಹಿಂದೂಪುರ ಮತ್ತು ಕಲ್ಯಾಣದುರ್ಗ

ನನ್ನ ದನಿ ಕೇಳಿಸ್ತಾ ಇದೆ ಅಂದ್ಕೊಂಡಿದ್ದೀನಿ. ಊರಿಂದ ಮಾತಾಡ್ತಾ ಇರೋದು, ನಡುವೆ ನೆಟ್‌ವರ್ಕ್ ಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಈ ವಿಷಯ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ ಇದೆ. ಎಂ.ಎ. ಮೊದಲ ವರ್ಷದಲ್ಲಿ ಗಡಿನಾಡ ಕನ್ನಡದ ಬಗ್ಗೆ ಚರ್ಚೆ ನಡೆದಾಗ ಗೆಳೆಯರೊಬ್ಬರು ನನ್ನನ್ನೇ ಕೇಳಿದರು: "ನಿಮ್ಮ ಕಡೆ ಕನ್ನಡದವರೆಲ್ಲ ಯಾರಿಗೆ ಓಟು ಹಾಕ್ತಾರೆ?" ನನಗೆ ಉತ್ತರ ಹೊಳೆಯಲಿಲ್ಲ. 'ಕನ್ನಡದವರೆಲ್ಲ' ಅನ್ನುವ ಒಂದು ಗುಂಪು ಓಟಿನ ದಿನ ನಮ್ಮ ಕಡೆ ಇರುತ್ತದೆಯೇ ಅನ್ನುವುದೇ ನನ್ನ ಪ್ರಶ್ನೆಯಾಯಿತು. ಈ ಪ್ರಬಂಧ ಅಲ್ಲಿಂದ ಹುಟ್ಟಿದ್ದು.

ಮೊದಲು ನೆಲದ ಪರಿಚಯ. ಹಿಂದೂಪುರ ಬೆಂಗಳೂರಿಗೆ ಹತ್ತಿರದ ಆಂಧ್ರದ ಪಟ್ಟಣ. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿದರೆ ರೈಲು ಬಂದು ನಿಲ್ಲುವುದು ಅಲ್ಲೇ. ಹುಣಸೆಹಣ್ಣು, ಬೆಲ್ಲ, ರೇಷ್ಮೆಗೂಡಿನ ಮಾರುಕಟ್ಟೆಗೆ ಎರಡೂ ರಾಜ್ಯದವರು ಬರುತ್ತಾರೆ. ಪಕ್ಕದ ಮಡಕಶಿರಾ ಭಾಗದಲ್ಲಿ ಕನ್ನಡ ಮನೆಮಾತಾಗಿರುವ ಹಳ್ಳಿಗಳು ಬಹಳ. ಉತ್ತರಕ್ಕೆ ಹೋದರೆ ಕಲ್ಯಾಣದುರ್ಗ, ನನ್ನ ಅಮ್ಮನ ತವರು. ಅದರ ನೆರೆಯ ರಾಯದುರ್ಗವು ಆದೋನಿ, ಆಲೂರುಗಳ ಜೊತೆಗೆ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. 2022ರಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಲೋಕಸಭೆಗೂ ಹಾಗೇ: ಹಿಂದೂಪುರಕ್ಕೆ ಅದೇ ಹೆಸರಿನ ಕ್ಷೇತ್ರ, ಕಲ್ಯಾಣದುರ್ಗ ಅನಂತಪುರ ಕ್ಷೇತ್ರದೊಳಗೆ.

ಈ ಎರಡು ಊರು ಓಟು ಹಾಕುವ ರೀತಿಯೇ ಬೇರೆ. ಕಲ್ಯಾಣದುರ್ಗ ಗಾಳಿ ಬೀಸಿದ ಕಡೆ ತೂರಿಕೊಳ್ಳುವ ಊರು. 2009ರಲ್ಲಿ ಕಾಂಗ್ರೆಸ್‌ನ ರಘುವೀರಾ ರೆಡ್ಡಿ ಅಲ್ಲಿಂದ ವಿಧಾನಸಭೆಗೆ ಗೆದ್ದರು, ರಾಜ್ಯವೂ ಕಾಂಗ್ರೆಸ್ಸಿಗೆ ಸಿಕ್ಕಿತು. 2014ರಲ್ಲಿ ತೆಲುಗುದೇಶಂ, 2019ರಲ್ಲಿ ವೈಎಸ್ಸಾರ್ ಕಾಂಗ್ರೆಸ್, 2024ರಲ್ಲಿ ಮತ್ತೆ ತೆಲುಗುದೇಶಂ. ನಾಲ್ಕು ಸಲವೂ ರಾಜ್ಯದಲ್ಲಿ ಗೆದ್ದ ಪಕ್ಷವೇ ಅಲ್ಲೂ ಗೆದ್ದಿದೆ. ಹಿಂದೂಪುರ ಇದಕ್ಕೆ ತದ್ವಿರುದ್ಧ. 1985ರಲ್ಲಿ ಎನ್.ಟಿ. ರಾಮರಾವ್ ಗುಡಿವಾಡ, ನಲ್ಗೊಂಡ, ಹಿಂದೂಪುರ ಮೂರೂ ಕಡೆ ಗೆದ್ದು, ಉಳಿಸಿಕೊಂಡಿದ್ದು ಹಿಂದೂಪುರವನ್ನು. 1989ರಲ್ಲಿ ಅವರ ಪಕ್ಷ ಸೋತಿತು, ಅವರೇ ಕಲ್ವಕುರ್ತಿಯಲ್ಲಿ ಸೋತರು, ಆದರೆ ಹಿಂದೂಪುರ ಕೈಬಿಡಲಿಲ್ಲ. 2019ರಲ್ಲಿ ಹಳೆಯ ಅನಂತಪುರ ಜಿಲ್ಲೆಯ 14 ಸ್ಥಾನಗಳಲ್ಲಿ 12 ವೈಎಸ್ಸಾರ್ ಕಾಂಗ್ರೆಸ್ಸಿನ ಪಾಲಾದಾಗ ತೆಲುಗುದೇಶಕ್ಕೆ ಉಳಿದದ್ದು ಉರವಕೊಂಡ ಮತ್ತು ಹಿಂದೂಪುರ, ಎರಡೇ.

ಇದಕ್ಕೆ ಸಿನಿಮಾ ಕಾರಣ, ಮನೆತನ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ರಾಮರಾವ್ ಆದಮೇಲೆ ಮಗ ಹರಿಕೃಷ್ಣ, 2014ರಿಂದ ಇನ್ನೊಬ್ಬ ಮಗ ಬಾಲಕೃಷ್ಣ ಗೆದ್ದಿದ್ದಾರೆ. ಆದರೆ 1999ರಿಂದ 2014ರವರೆಗೆ ಆ ಮನೆಯವರು ಯಾರೂ ಅಲ್ಲಿ ಶಾಸಕರಾಗಿರಲಿಲ್ಲ. ಆಗಲೂ ಕ್ಷೇತ್ರ ಪಕ್ಷದ ಕೈಯಲ್ಲೇ ಇತ್ತು. 2009ರಲ್ಲಿ ಗೆದ್ದವರು ಅಬ್ದುಲ್ ಘನಿ. ಅಂದರೆ ಹೆಸರಿಗಿಂತ ಆಳದಲ್ಲಿ ಏನೋ ಬೇರು ಬಿಟ್ಟಿದೆ.

ಆ ಬೇರನ್ನು ನನಗೆ ತೋರಿಸಿದ್ದು ನನ್ನ ಅಜ್ಜಿ. ಮಡಕಶಿರಾ ಕಡೆಯ ಹಳ್ಳಿಯಿಂದ ಹಿಂದೂಪುರಕ್ಕೆ ಸೊಸೆಯಾಗಿ ಬಂದವಳು, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡಿದವಳಲ್ಲ. 'ತೆಲುಗರ ಆತ್ಮಗೌರವ' ಎಂದು ಕೂಗಿಕೊಂಡು 1982ರಲ್ಲಿ ಹುಟ್ಟಿದ ಪಕ್ಷಕ್ಕೆ ಅವಳು ಜೀವಮಾನವಿಡೀ ಓಟು ಹಾಕಿದಳು. ಪಕ್ಷದ ಹೆಸರಿನಲ್ಲೇ ತೆಲುಗು ಇದೆಯಲ್ಲ ಅಜ್ಜಿ, ನಿನಗೆ ಏನೂ ಅನ್ನಿಸಲಿಲ್ಲವಾ ಅಂತ ಕೇಳಿದ್ದೆ. "ಎರಡು ರೂಪಾಯಿಗೆ ಕೇಜಿ ಅಕ್ಕಿ ಕೊಟ್ಟೋನಿಗೆ ಹಾಕ್ದೆ ಇನ್ಯಾರಿಗೆ ಹಾಕ್ಲಿ? ಅಕ್ಕಿ ಯಾವ ಭಾಷೆ ಮಾತಾಡ್ತಿತ್ತೋ ಮಗಾ?" ಅಂದಳು. 1983ರ ಆ ಯೋಜನೆಯ ಬಗ್ಗೆ ನಾನು ಆಮೇಲೆ ಓದಿದೆ. ಜೊತೆಗೆ ಅದೇ ಸರ್ಕಾರ ವಂಶಪಾರಂಪರ್ಯವಾಗಿ ಬಂದಿದ್ದ ಗ್ರಾಮಾಧಿಕಾರಿಗಳ ಹುದ್ದೆ ತೆಗೆದುಹಾಕಿತು, ತಾಲೂಕುಗಳನ್ನು ಒಡೆದು ಮಂಡಲ ಮಾಡಿತು. ಮಳೆ ಕಡಿಮೆಯ ಈ ಸೀಮೆಯಲ್ಲಿ, ಒಂದು ಸಹಿಗಾಗಿ ದಿನವಿಡೀ ನಡೆಯುತ್ತಿದ್ದವರಿಗೆ ಕಚೇರಿ ಹತ್ತಿರ ಬಂತು ಅನ್ನುವುದು ಸಣ್ಣ ಮಾತಲ್ಲ.

ಇದೊಂದು ಅಜ್ಜಿಯ ಕಥೆ, ಪುರಾವೆ ಅಲ್ಲ, ಅಂತ ನೀವು ಹೇಳಬಹುದು. ಒಪ್ತೀನಿ. ಹಾಗಾಗಿ 2024ರ ಲೋಕಸಭಾ ಚುನಾವಣೆಗೆ ಬರೋಣ, ಯಾಕಂದರೆ ನನ್ನ ಗೆಳೆಯರ ಪ್ರಶ್ನೆಗೆ ಅದು ತಾನಾಗಿಯೇ ಒಂದು ಪರೀಕ್ಷೆ ಒಡ್ಡಿತು. ಆ ಸಲ ಹಿಂದೂಪುರದಲ್ಲಿ ವೈಎಸ್ಸಾರ್ ಕಾಂಗ್ರೆಸ್ ನಿಲ್ಲಿಸಿದ್ದು ಜೆ. ಶಾಂತಾ ಅವರನ್ನು. 2009ರಿಂದ 2014ರವರೆಗೆ ಬಳ್ಳಾರಿಯ ಬಿಜೆಪಿ ಸಂಸದೆ, ಬಿ. ಶ್ರೀರಾಮುಲು ಅವರ ತಂಗಿ, ಕರ್ನಾಟಕದ ರಾಜಕಾರಣದಲ್ಲಿ ಬೆಳೆದವರು. ಭಾಷೆಯೇ ಓಟು ಹಾಕುವುದಾದರೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು? ಆದರೆ 1999ರಲ್ಲೇ ಒಮ್ಮೆ ಇಲ್ಲಿಂದ ಸಂಸದರಾಗಿದ್ದ ತೆಲುಗುದೇಶದ ಬಿ.ಕೆ. ಪಾರ್ಥಸಾರಥಿ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು.

ಪಕ್ಷ ಶಾಂತಾ ಅವರನ್ನು ತಂದದ್ದು ಕನ್ನಡಕ್ಕಾಗಿ ಅನ್ನುವುದಕ್ಕಿಂತ ಅವರ ಸಮುದಾಯಕ್ಕಾಗಿ ಅಂತ ನನಗನ್ನಿಸುತ್ತೆ. ಅನಂತಪುರ ಸೀಮೆಯಲ್ಲಿ ಬೋಯ ಅಥವಾ ವಾಲ್ಮೀಕಿ, ಕುರುಬ, ಈ ಎರಡು ಸಮುದಾಯಗಳ ಬಲ ದೊಡ್ಡದು, ಎರಡೂ ಗಡಿಯ ಆಚೀಚೆ ಹರಡಿವೆ. 2019ರಲ್ಲಿ ಹಿಂದೂಪುರದಿಂದ ಗೆದ್ದ ಗೋರಂಟ್ಲ ಮಾಧವ್, 2024ರಲ್ಲಿ ಗೆದ್ದ ಪಾರ್ಥಸಾರಥಿ, ಇಬ್ಬರೂ ಕುರುಬರು. ಇಲ್ಲಿ ಗಡಿ ಮಾಡಿರುವ ಒಂದು ಕೆಲಸವನ್ನು ಗಮನಿಸಬೇಕು. ಶಾಂತಾ ಬಳ್ಳಾರಿಯಲ್ಲಿ ಗೆದ್ದದ್ದು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರದಿಂದ. ಅದೇ ಸಮುದಾಯ ಅನಂತಪುರ ಸೀಮೆಯಲ್ಲಿ ಹಿಂದುಳಿದ ವರ್ಗದ ಪಟ್ಟಿಯಲ್ಲಿದೆ, ನಮ್ಮನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅನ್ನುವ ಬೇಡಿಕೆ ಚುನಾವಣೆಯಿಂದ ಚುನಾವಣೆಗೆ ಕೇಳಿಸುತ್ತದೆ. ಅಕ್ಕತಂಗಿಯರಿಬ್ಬರಲ್ಲಿ ಒಬ್ಬಳನ್ನು ಬಳ್ಳಾರಿಗೆ, ಇನ್ನೊಬ್ಬಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟರೆ ಅವರ ಮಕ್ಕಳ ಜಾತಿ ಸರ್ಟಿಫಿಕೇಟು ಬೇರೆ ಬೇರೆ. ಓಟು ಹಾಕುವವರಿಗೆ ಭಾಷೆಗಿಂತ ಈ ಕಾಗದ ದೊಡ್ಡದಾಗಿ ಕಂಡರೆ ಅಚ್ಚರಿಯೇನಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲಬಹುದಾದ ಒಂದು ಅಂಕಿಯನ್ನೂ ಹೇಳಿಬಿಡ್ತೀನಿ. ಅದೇ 2024ರ ಅಲೆಯಲ್ಲಿ ಹಳೆಯ ಅನಂತಪುರ ಜಿಲ್ಲೆಯ 14 ವಿಧಾನಸಭಾ ಸ್ಥಾನಗಳೂ ತೆಲುಗುದೇಶಂ ಕೂಟಕ್ಕೆ ಬಂದವು. ಆದರೆ ಕನ್ನಡ ಹೆಚ್ಚಿರುವ ಮಡಕಶಿರಾದಲ್ಲಿ ಅಂತರ ಬರೀ 351. ಅಲ್ಲಿ ಕನ್ನಡ ಕೆಲಸ ಮಾಡಿತೇ? ಹಾಗನ್ನಲು ನನಗೆ ಧೈರ್ಯ ಬರುವುದಿಲ್ಲ. ಅದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ, ಎರಡೂ ಕಡೆಯ ಅಭ್ಯರ್ಥಿಗಳ ಲೆಕ್ಕವೇ ಬೇರೆ. ಫಾರಂ 20ರಲ್ಲಿ ಮತಗಟ್ಟೆವಾರು ಮತಗಳು ಸಿಗುತ್ತವೆ, ನಿಜ. ಆದರೆ ಆ ಹಾಳೆಯಲ್ಲಿ ಭಾಷೆಗೆ ಕಾಲಂ ಇಲ್ಲ. 'ಹಿಂದೂಪುರ 2019ರಲ್ಲಿ ಶಾಸಕನಿಗೆ ಒಂದು ಪಕ್ಷ, ಸಂಸದನಿಗೆ ಇನ್ನೊಂದು ಪಕ್ಷ ಆರಿಸಿತು' ಅನ್ನುವ ಮಾತಿನಲ್ಲೂ ಇದೇ ತೊಡಕಿದೆ: ಸಂಸದರನ್ನು ಆರಿಸಿದ್ದು ಏಳು ವಿಧಾನಸಭಾ ಕ್ಷೇತ್ರ, ಪಟ್ಟಣ ಒಂದೇ ಅಲ್ಲ.

ಹಾಗಾದರೆ ಕನ್ನಡಕ್ಕೆ ಏನೂ ಪಾತ್ರವಿಲ್ಲವೇ? ಇದೆ, ಆದರೆ ಬೇರೆ ಕಡೆ. 2024ರ ಏಪ್ರಿಲ್ 26ರಂದು ಪಾವಗಡದ ನಮ್ಮ ನೆಂಟರು ಚಿತ್ರದುರ್ಗ ಕ್ಷೇತ್ರಕ್ಕೆ ಓಟು ಹಾಕಿದರು. 17 ದಿನ ಕಳೆದು ಮೇ 13ಕ್ಕೆ ನಮ್ಮ ಸರದಿ. ಅದರ ಹಿಂದಿನ ಸಂಜೆ ಬೆಂಗಳೂರಿಂದ ಹೊರಟ ರೈಲಿನಲ್ಲಿ ನಾನೂ ನಿಂತೇ ಬಂದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಗಾರೆ ಕೆಲಸದವರು, ಕ್ಯಾಬ್ ಓಡಿಸುವ ಹುಡುಗರು. ಮಾತೆಲ್ಲ ಕನ್ನಡ, ತೆಲುಗು ಬೆರೆತದ್ದೇ. ಯಾರಿಗೆ ಹಾಕಬೇಕು ಅನ್ನುವ ಜಗಳ ಕನ್ನಡದಲ್ಲೇ ನಡೆಯಿತು, ನಡೆದದ್ದು ಪಿಂಚಣಿ, ಕುಡಿಯುವ ನೀರು, ಕೆಲಸದ ಬಗ್ಗೆ. ಯಾರೂ ಕನ್ನಡದ ಪರವಾಗಿ ಜಗಳ ಆಡಲಿಲ್ಲ. ಭಾಷೆ ಅಲ್ಲಿ ಪಕ್ಷ ಆಗಿರಲಿಲ್ಲ, ಜಗಳ ಆಡುವ ಜಾಗ ಆಗಿತ್ತು.

ಗಡಿನಾಡಿನ ಬಗ್ಗೆ ನಾವು ಬರೆಯುವಾಗ ಅಲ್ಲಿಯ ಜನ ಕನ್ನಡಕ್ಕಾಗಿ ಕಾಯುತ್ತಿದ್ದಾರೆ ಅಂತ ಮೊದಲೇ ತೀರ್ಮಾನಿಸಿಕೊಂಡು ಬಿಡುತ್ತೇವೆ. ಕಾಯದವರು ಕಂಡರೆ ಕನ್ನಡ ಮರೆತವರು ಅನ್ನುತ್ತೇವೆ. ನನ್ನ ಅಜ್ಜಿ ಕಾಯಲೂ ಇಲ್ಲ, ಮರೆಯಲೂ ಇಲ್ಲ. ಅವಳು ಸತ್ತಾಗ ಹಾಡಿದ್ದು ಕನ್ನಡದ ಪದಗಳನ್ನೇ. ಅವಳಂಥವರನ್ನು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಎಲ್ಲಿ ಇಡುತ್ತೀರಿ ಅನ್ನುವ ಪ್ರಶ್ನೆಯನ್ನು ಗೆಳೆಯರಿಗೂ ಮೇಷ್ಟ್ರುಗಳಿಗೂ ಬಿಟ್ಟು, ನನ್ನ ಮಾತು ಮುಗಿಸ್ತೀನಿ.