ಅಪ್ಲಿಕೇಷನ್ ಕ್ಲಾಸಿನ ಆಕರಪುಟ: ಕ್ರಮವಿನ್ಯಾಸದ ಒಂದು ಚರಿತ್ರೆ

೧

ಶಬ್ದಗಳನ್ನು ಸಂಗ್ರಹಿಸುವುದು ಒಂದು ಕೆಲಸ. ಸಂಗ್ರಹಿಸಿದವುಗಳನ್ನು ಕ್ರಮಪಡಿಸುವುದು ಇನ್ನೊಂದು ಕೆಲಸ. ನಮ್ಮ ಕೋಶಕಾರರೂ ವೈಯಾಕರಣರೂ ಈ ಎರಡನೆಯ ಕೆಲಸವನ್ನು ಎಷ್ಟು ವಿಧವಾಗಿ ನೆರವೇರಿಸಿದ್ದಾರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅಮರಸಿಂಹನು ಸ್ವರ್ಗ, ವ್ಯೋಮ, ದಿಕ್ಕು, ಕಾಲ ಮುಂತಾಗಿ ವಿಷಯಾನುಸಾರವಾದ ವರ್ಗಗಳನ್ನು ಏರ್ಪಡಿಸಿದನು. ಕೇಶಿರಾಜನು ಸಂಧಿ, ನಾಮ, ಸಮಾಸವೇ ಮೊದಲಾದ ಪ್ರಕರಣಗಳಲ್ಲಿ ಶಬ್ದದ ರೂಪವನ್ನನುಸರಿಸಿ ನಡೆದನು. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಅಕಾರಾದಿಯನ್ನು ಹಿಡಿಯಿತು. ವಿಷಯಕ್ರಮ, ರೂಪಕ್ರಮ, ಅಕಾರಾದಿಕ್ರಮ ಎಂಬ ಈ ಮೂರೂ ಈಗ ಕೋಶ-ವ್ಯಾಕರಣಗಳಿಗೆ ಮಾತ್ರ ಸೇರಿದ ವಿಚಾರವಾಗಿ ಉಳಿದಿಲ್ಲ. ಗಣಕಯಂತ್ರದ ಪ್ರೋಗ್ರಾಮುಗಳನ್ನು ರಚಿಸುವವರ ಉಪಯೋಗಕ್ಕಾಗಿ ಬರೆಯಲ್ಪಡುವ ಆಕರಗ್ರಂಥಗಳಲ್ಲಿಯೂ ಇವೇ ಮೂರು ಕ್ರಮಗಳು ಒಂದರೊಡನೊಂದು ಸ್ಪರ್ಧಿಸುತ್ತ ಬಂದಿವೆ.

ಈ ಸ್ಪರ್ಧೆಯು ಅತ್ಯಂತ ಸ್ಪಷ್ಟವಾಗಿ ಕಾಣುವ ಸ್ಥಳವೊಂದುಂಟು. ನಾರ್ವೆ ದೇಶದಲ್ಲಿ ಹುಟ್ಟಿದ ಕ್ಯೂಟಿ ಎಂಬ ಟೂಲ್‌ಕಿಟ್ಟಿನಲ್ಲಿ ಕ್ಯೂಅಪ್ಲಿಕೇಷನ್ ಎಂಬ ಕ್ಲಾಸಿಗೆ ಮೀಸಲಾದ ಆಕರಪುಟವೇ ಅದು. ಆ ಪುಟದ ಚರಿತ್ರೆಯನ್ನು ಪರಿಶೀಲಿಸಿ, ಆಕರಗ್ರಂಥದ ಕ್ರಮವು ಕೇವಲ ಅನುಕೂಲದ ಪ್ರಶ್ನೆಯಲ್ಲವೆಂದೂ, ಅದು ವಸ್ತುವಿನ ಒಂದು ವ್ಯಾಖ್ಯಾನವೇ ಆಗಿದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪರಿಭಾಷೆಯನ್ನು ಕುರಿತು ಎರಡು ಮಾತು. ತೆರೆಯ ಮೇಲೆ ಕಾಣುವ ಕಿಟಕಿ, ಗುಂಡಿ, ಪಟ್ಟಿ ಮೊದಲಾದವುಗಳನ್ನು ಪ್ರತಿಯೊಬ್ಬನೂ ಹೊಸದಾಗಿ ನಿರ್ಮಿಸಿಕೊಳ್ಳಬೇಕಾಗಿಲ್ಲದಂತೆ ಸಿದ್ಧಪಡಿಸಿಟ್ಟ ಸಾಮಗ್ರಿಗೆ ಟೂಲ್‌ಕಿಟ್ ಎಂದು ಹೆಸರು. ಅದರಲ್ಲಿ ಒಂದೊಂದು ಬಗೆಯ ವಸ್ತುವಿನ ಲಕ್ಷಣವನ್ನೂ ವ್ಯಾಪಾರವನ್ನೂ ನಿರೂಪಿಸುವ ಘಟಕವು ಕ್ಲಾಸು. ಆ ವ್ಯಾಪಾರಗಳಲ್ಲಿ ಒಂದೊಂದೂ ಫಂಕ್ಷನ್. ಒಂದು ಕ್ಲಾಸು ಇನ್ನೊಂದರಿಂದ ಹುಟ್ಟಿ ಅದರ ಫಂಕ್ಷನ್‌ಗಳನ್ನು ಪಿತ್ರಾರ್ಜಿತವಾಗಿ ಪಡೆಯುವುದೂ ಉಂಟು. ಕ್ಲಾಸನ್ನು ವರ್ಗವೆಂದು ಭಾಷಾಂತರಿಸಬಹುದಾದರೂ, ನಿಘಂಟಿನ ವರ್ಗದೊಡನೆ ಗೊಂದಲವಾಗದಿರಲೆಂದು ಇಲ್ಲಿ ರೂಢಿಯ ಶಬ್ದವನ್ನೇ ಇಟ್ಟುಕೊಂಡಿದೆ.

ಗುಂಡಿಯ ಕ್ಲಾಸು ಗುಂಡಿಯನ್ನು ಮಾತ್ರ ಬಲ್ಲದು. ಆದಕಾರಣ ಅದರ ಆಕರಪುಟವನ್ನು ಯಾವ ಕ್ರಮದಲ್ಲಿ ಬರೆದರೂ ಓದುಗನಿಗೆ ದೊಡ್ಡ ಹಾನಿಯಿಲ್ಲ. ಅಪ್ಲಿಕೇಷನ್ ಕ್ಲಾಸಿನ ಸ್ಥಿತಿ ಬೇರೆ. ಅದು ಕಣ್ಣಿಗೆ ಕಾಣುವ ಯಾವ ವಸ್ತುವನ್ನೂ ಪ್ರತಿನಿಧಿಸದೆ ಇಡೀ ಪ್ರೋಗ್ರಾಮನ್ನೇ ಪ್ರತಿನಿಧಿಸುತ್ತದೆ. ಕೀಲಿಯ ಒತ್ತನ್ನೂ ಮೌಸಿನ ಚಲನೆಯನ್ನೂ ಸ್ವೀಕರಿಸಿ ತಕ್ಕ ಕಿಟಕಿಗೆ ಮುಟ್ಟಿಸುವುದು, ಬಳಕೆದಾರನು ಆರಿಸಿಕೊಂಡ ಬಣ್ಣ ಮತ್ತು ಅಕ್ಷರರೂಪಗಳನ್ನು ತಿಳಿದುಕೊಳ್ಳುವುದು, ಸಂದೇಶಗಳ ಭಾಷಾಂತರವನ್ನು ಒದಗಿಸುವುದು, ಕೊನೆಗೆ ಎಲ್ಲ ಕಿಟಕಿಗಳನ್ನೂ ಮುಚ್ಚಿ ಕೆಲಸವನ್ನು ಮುಗಿಸುವುದು—ಇವೆಲ್ಲ ಅದರ ಹೊಣೆ. ಬೇರೆಲ್ಲಿಯೂ ನೆಲೆಯಿಲ್ಲದ ವ್ಯಾಪಾರಗಳು ಬಂದು ಸೇರುವ ಮನೆ ಅದು. ಆಪಲ್ ಸಂಸ್ಥೆಯ ಮ್ಯಾಕ್‌ಆಪ್‌ನಲ್ಲಿಯೂ (೧೯೮೫), ನೆಕ್ಸ್ಟ್ ಸಂಸ್ಥೆಯ ನೆಕ್ಸ್ಟ್‌ಸ್ಟೆಪ್‌ನಲ್ಲಿಯೂ (೧೯೮೯) ಇಂಥ ಕ್ಲಾಸು ಇದ್ದಿತು. ಹೀಗಿರುವಲ್ಲಿ ಕ್ರಮದ ಪ್ರಶ್ನೆಯು ತಾನಾಗಿಯೇ ಎದ್ದು ನಿಲ್ಲುತ್ತದೆ.

೩

ಈ ಪ್ರಶ್ನೆಗೆ ಪೂರ್ವಿಕರು ಕೊಟ್ಟ ಉತ್ತರಗಳಲ್ಲಿ ಎರಡನ್ನು ಗಮನಿಸತಕ್ಕದ್ದಾಗಿದೆ. ಮೊದಲನೆಯದು ಯೂನಿಕ್ಸಿನ ಕೈಪಿಡಿ. ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಇವರು ಸಿದ್ಧಪಡಿಸಿದ ಇದರ ಮೊದಲ ಆವೃತ್ತಿಯು ೧೯೭೧ನೆಯ ನವೆಂಬರ್ ೩ರ ತಾರೀಖನ್ನು ಹೊತ್ತಿದೆ. ಅಲ್ಲಿ ಆಜ್ಞೆಗಳು, ವ್ಯವಸ್ಥೆಯ ಕರೆಗಳು ಎಂದು ಮುಂತಾಗಿ ಅಂಕಿತ ಭಾಗಗಳಿವೆ. ಒಂದೊಂದು ಭಾಗದೊಳಗೂ ಇಂಗ್ಲಿಷ್ ವರ್ಣಮಾಲೆಯ ಕ್ರಮವಿದೆ. ಪ್ರತಿಯೊಂದು ಪುಟದಲ್ಲಿಯೂ ಹೆಸರು, ಪ್ರಯೋಗರೂಪ, ವಿವರಣೆ, ಇದನ್ನೂ ನೋಡಿ, ದೋಷಗಳು ಎಂಬ ಸ್ಥಿರವಾದ ಶಿರೋನಾಮೆಗಳಿವೆ. ಹೆಸರು ಬಲ್ಲವನಿಗೆ ಇದಕ್ಕಿಂತ ಉಪಕಾರಿಯಾದ ವ್ಯವಸ್ಥೆ ಬೇಕಿಲ್ಲ.

ಎರಡನೆಯದು ಸ್ಮಾಲ್‌ಟಾಕ್. ೧೯೮೩ರಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ರಾಬ್ಸನ್ ಪ್ರಕಟಿಸಿದ ಗ್ರಂಥದಲ್ಲಿ ಒಂದು ಕ್ಲಾಸಿನ ವ್ಯಾಪಾರಗಳು ಅವುಗಳ ಪ್ರಯೋಜನವನ್ನನುಸರಿಸಿ ಗುಂಪುಗೂಡಿವೆ, ಗುಂಪಿಗೊಂದು ಹೆಸರಿದೆ. ಇದು ಗ್ರಂಥಕರ್ತರ ಅಲಂಕಾರವಾಗಿರದೆ ಆ ವ್ಯವಸ್ಥೆಯ ಅಂಗವೇ ಆಗಿದ್ದಿತು. ವ್ಯಾಪಾರವನ್ನು ಬರೆದವನು ಅದರ ಗುಂಪನ್ನೂ ಹೇಳುತ್ತಿದ್ದನು, ಓದುವವನು ತೆರೆಯ ಮೇಲೆ ಮೊದಲು ಗುಂಪನ್ನು ಆರಿಸಿ ಅನಂತರ ವ್ಯಾಪಾರವನ್ನು ಕಾಣುತ್ತಿದ್ದನು. ನೆಕ್ಸ್ಟ್‌ಸ್ಟೆಪ್‌ನ ಆಕರಗ್ರಂಥವು ಈ ಎರಡು ಪದ್ಧತಿಗಳನ್ನೂ ಕೂಡಿಸಿತು. ಮೊದಲು ಪ್ರಯೋಜನಾನುಸಾರವಾದ ಸೂಚಿ, ಅದರ ತರುವಾಯ ವರ್ಣಕ್ರಮದ ವಿವರಣೆ. ಮುದ್ರಿತ ಅಮರಕೋಶದ ಕೊನೆಯಲ್ಲಿ ಅಕಾರಾದಿ ಸೂಚಿಯನ್ನು ಸೇರಿಸುವ ನಮ್ಮ ಸಂಪಾದಕರ ರೂಢಿಯು ಇದರ ವಿಪರ್ಯಯವೆನ್ನಬಹುದು.

೪

ಹೋವರ್ಡ್ ನೋರ್ಡ್ ಮತ್ತು ಐರಿಕ್ ಶಾಂಬೆ-ಎಂಗ್ ಎಂಬ ಇಬ್ಬರು ೧೯೯೧ರಲ್ಲಿ ಕ್ಯೂಟಿಯ ರಚನೆಯನ್ನು ಆರಂಭಿಸಿದರು. ೧೯೯೪ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. ೧೯೯೫ನೆಯ ಮೇ ೨೦ರಂದು ಅದು ಮೊದಲು ಲೋಕಕ್ಕೆ ದೊರೆಯಿತು. ಅದರ ಆಕರಗ್ರಂಥವು ಪ್ರೋಗ್ರಾಮಿನ ಮೂಲಪಾಠದೊಳಗೇ ಟಿಪ್ಪಣಿಗಳ ರೂಪದಲ್ಲಿ ಬರೆಯಲ್ಪಟ್ಟಿದ್ದು, ಒಂದು ಉಪಕರಣವು ಆ ಟಿಪ್ಪಣಿಗಳನ್ನು ಆಯ್ದು ಪುಟಗಳನ್ನು ಸಿದ್ಧಪಡಿಸುತ್ತದೆ.

ಕ್ಯೂಅಪ್ಲಿಕೇಷನ್‌ನ ಪುಟದಲ್ಲಿ ಮೇಲೆ ಹೇಳಿದ ಮೂರು ಕ್ರಮಗಳೂ ಏಕತ್ರ ದೊರೆಯುತ್ತವೆ. ಪುಟದ ತಲೆಯಲ್ಲಿರುವ ಪಟ್ಟಿಯು ರೂಪಕ್ರಮದ್ದು. ಯಾವುದು ಎಲ್ಲರಿಗೂ ತೆರೆದಿದೆ, ಯಾವುದು ಸಂತತಿಗೆ ಮಾತ್ರ ಮೀಸಲು, ಯಾವುದು ಸಂಕೇತವನ್ನು ಹೊರಡಿಸುತ್ತದೆ ಎಂಬ ಭಾಷಾನಿಯಮದ ಭೇದಗಳನ್ನು ಅದು ಅನುಸರಿಸುತ್ತದೆ. ಪುಟದ ಕೆಳಭಾಗದ ವಿಸ್ತಾರವಾದ ವಿವರಣೆಯು ವರ್ಣಕ್ರಮದ್ದು. ಈ ಎರಡನ್ನೂ ಯಂತ್ರವೇ ಮಾಡಬಲ್ಲದು. ನಡುವಿನ ಪೀಠಿಕೆ ಮಾತ್ರ ಮನುಷ್ಯನ ಕೈಬರಹ. ಅದರಲ್ಲಿ ಕ್ಲಾಸಿನ ಹೊಣೆಗಳನ್ನು ಒಂದೊಂದಾಗಿ ಹೇಳಿ, ಕೊನೆಯಲ್ಲಿ ಫಂಕ್ಷನ್‌ಗಳ ಒಂದು ಕೋಷ್ಟಕವನ್ನು ಕೊಟ್ಟಿದೆ. ವ್ಯವಸ್ಥೆಯ ಏರ್ಪಾಡುಗಳು, ಘಟನೆಗಳ ನಿರ್ವಹಣೆ, ರೂಪಶೈಲಿ, ಪಠ್ಯದ ನಿರ್ವಹಣೆ, ವಿಜೆಟ್‌ಗಳು, ಕರ್ಸರಿನ ನಿರ್ವಹಣೆ ಎಂಬವು ಅದರ ಗುಂಪುಗಳಲ್ಲಿ ಮುಖ್ಯವಾದವು. ಎಲ್ಲಿಯೂ ಸೇರದೆ ಉಳಿದವುಗಳಿಗಾಗಿ ಕಡೆಯಲ್ಲೊಂದು ಮಿಶ್ರ ಗುಂಪಿದೆ. ಅಮರಸಿಂಹನ ತೃತೀಯ ಕಾಂಡದ ಸಂಕೀರ್ಣವರ್ಗವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ವಿಷಯಕ್ರಮವನ್ನು ಪ್ರಾಮಾಣಿಕವಾಗಿ ಅನುಸರಿಸಿದ ಯಾವನಿಗೂ ಇಂಥದೊಂದು ಕೋಣೆ ಬೇಕಾಗುತ್ತದೆ.

ಈ ಕೋಷ್ಟಕದಿಂದಾಗುವ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ದೀರ್ಘವಾದ ಕೆಲಸ ನಡೆಯುವಾಗ ಕರ್ಸರಿನ ಆಕಾರವನ್ನು ಬದಲಿಸಿ 'ಕಾಯಿರಿ' ಎಂದು ಸೂಚಿಸುವುದು ವಾಡಿಕೆ. ಅದಕ್ಕೆ ಸೆಟ್‌ಓವರ್‌ರೈಡ್‌ಕರ್ಸರ್ ಎಂಬ ಫಂಕ್ಷನ್ ಇದೆ. ಹಿಂದಿನ ಆಕಾರವನ್ನು ಮರಳಿ ತರಲು ರಿಸ್ಟೋರ್‌ಓವರ್‌ರೈಡ್‌ಕರ್ಸರ್ ಎಂಬುದಿದೆ. ಬದಲಿಸಿದ ಆಕಾರಗಳು ಒಂದರ ಮೇಲೊಂದಾಗಿ ಪೇರಿಸಲ್ಪಡುವುದರಿಂದ ಮೊದಲನೆಯದನ್ನು ಎಷ್ಟು ಸಲ ಕರೆದರೆ ಎರಡನೆಯದನ್ನೂ ಅಷ್ಟೇ ಸಲ ಕರೆಯಬೇಕು. ತಪ್ಪಿದರೆ ಕೆಲಸ ಮುಗಿದ ಮೇಲೂ 'ಕಾಯಿರಿ' ಎಂಬ ಚಿಹ್ನೆ ನಿಂತೇ ಇರುತ್ತದೆ. ಇಂಗ್ಲಿಷ್ ವರ್ಣಕ್ರಮದಲ್ಲಿ ಈ ಅವಳಿಗಳು ಎರಡು ಬೇರೆ ಅಕ್ಷರಗಳ ಕೆಳಗೆ ಅಗಲಿ ಕುಳಿತಿವೆ. ಕೋಷ್ಟಕದಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ. ಕಟ್ಟಿದವನೇ ಬಿಚ್ಚಬೇಕೆಂಬ ನಿಯಮವನ್ನು ಆ ಸಾಮೀಪ್ಯವೇ ಬೋಧಿಸುತ್ತದೆ.

ಕನ್ನಡದವರಿಗೆ ಸಂಬಂಧಪಟ್ಟ ಇನ್ನೊಂದು ಉದಾಹರಣೆಯನ್ನೂ ಕೊಡಬಹುದು. ತನ್ನ ಪ್ರೋಗ್ರಾಮಿನ ಸಂದೇಶಗಳು ಕನ್ನಡದಲ್ಲಿ ತೋರಬೇಕೆಂದು ಬಯಸುವವನು ಇನ್‌ಸ್ಟಾಲ್‌ಟ್ರಾನ್ಸ್‌ಲೇಟರ್ ಎಂಬ ಫಂಕ್ಷನ್ ಇದೆಯೆಂಬುದನ್ನೇ ಅರಿತಿರಲಾರನು. ಅರಿಯದ ಹೆಸರನ್ನು ವರ್ಣಕ್ರಮದಲ್ಲಿ ಹುಡುಕುವುದೆಂತು? ಪಠ್ಯದ ನಿರ್ವಹಣೆ ಎಂಬ ಶಿರೋನಾಮೆಯು ಅವನ ಕೈಹಿಡಿದು ಅಲ್ಲಿಗೆ ಒಯ್ಯುತ್ತದೆ. ಇದೇ ರೀತಿಯಲ್ಲಿ, ಕಿಟಕಿ ಗುಂಡಿಗಳಲ್ಲಿ ಯಾವುದನ್ನೇ ಸೃಷ್ಟಿಸುವುದಕ್ಕೂ ಮೊದಲು ಅಪ್ಲಿಕೇಷನ್ ವಸ್ತುವನ್ನು ಸೃಷ್ಟಿಸಬೇಕೆಂಬ ಮುಖ್ಯನಿಯಮಕ್ಕೂ ಪೀಠಿಕೆಯಲ್ಲಿಯೇ ಸ್ಥಳ. ಪೌರ್ವಾಪರ್ಯವನ್ನು ಕುರಿತ ನಿಯಮವು ಯಾವ ಒಂದು ಫಂಕ್ಷನ್ನಿನ ಸೊತ್ತೂ ಅಲ್ಲ.

ಕೋಷ್ಟಕವು ಕಾಲದ ಗುರುತನ್ನೂ ಉಳಿಸಿಕೊಳ್ಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಬಣ್ಣಗಳ ಬಳಕೆ ಎಂಬ ಒಂದು ಗುಂಪಿದ್ದಿತು. ತೆರೆಯ ಮೇಲೆ ಏಕಕಾಲಕ್ಕೆ ೨೫೬ ಬಣ್ಣಗಳು ಮಾತ್ರ ಸಾಧ್ಯವಾಗಿದ್ದ ದಿನಗಳಲ್ಲಿ ಅವನ್ನು ಹಂಚಿಕೊಳ್ಳುವ ರೀತಿಯನ್ನು ಪ್ರೋಗ್ರಾಮು ಹೇಳಬೇಕಾಗಿದ್ದಿತು. ಅಂಥ ತೆರೆಗಳು ಮರೆಯಾದಂತೆ ಆ ಗುಂಪೂ ಮರೆಯಾಯಿತು.

೫

ಈ ಪುಟದ ಚರಿತ್ರೆಯಲ್ಲಿ ಅತ್ಯಂತ ವಿಚಾರಾರ್ಹವಾದ ಸಂಗತಿಯೆಂದರೆ ಕ್ಲಾಸಿನ ವಿಭಜನೆ. ಮೂರನೆಯ ಮಹಾವೃತ್ತಿಯ ತನಕ ಕಿಟಕಿಗಳೇ ಇಲ್ಲದ ಪ್ರೋಗ್ರಾಮು ಕೂಡ ಇದೇ ಕ್ಲಾಸನ್ನು ಬಳಸಿ, ಚಿತ್ರದ ಸೌಕರ್ಯ ತನಗೆ ಬೇಡವೆಂದು ಸೃಷ್ಟಿಯ ಸಮಯದಲ್ಲಿಯೇ ತಿಳಿಸಬೇಕಾಗಿದ್ದಿತು. ಈ ತೊಡಕನ್ನು ಕಳೆಯಲು ೨೦೦೫ನೆಯ ಜೂನ್ ೨೮ರಂದು ಹೊರಬಂದ ಕ್ಯೂಟಿ ೪ರಲ್ಲಿ ಘಟನೆಗಳ ಚಕ್ರವೂ ಭಾಷಾಂತರವೂ ಕ್ಯೂಕೋರ್‌ಅಪ್ಲಿಕೇಷನ್ ಎಂಬ ಮೂಲ ಕ್ಲಾಸಿಗೆ ಹೋದವು. ೨೦೧೨ನೆಯ ಡಿಸೆಂಬರ್ ೧೯ರ ಕ್ಯೂಟಿ ೫ರಲ್ಲಿ ಕರ್ಸರು, ಅಕ್ಷರರೂಪ, ಕ್ಲಿಪ್‌ಬೋರ್ಡ್ ಮೊದಲಾದವು ಕ್ಯೂಗುಯಿಅಪ್ಲಿಕೇಷನ್ ಎಂಬ ಮಧ್ಯದ ಕ್ಲಾಸಿಗೆ ಸಂದವು. ಹಳೆಯ ಹೆಸರಿನ ಕ್ಲಾಸಿನಲ್ಲಿ ವಿಜೆಟ್‌ಗಳಿಗೂ ರೂಪಶೈಲಿಗೂ ಸಂಬಂಧಿಸಿದ್ದು ಮಾತ್ರ ಮುಖ್ಯವಾಗಿ ಉಳಿಯಿತು. ಕ್ಯೂಟಿ ೬ರಲ್ಲಿಯೂ (೨೦೨೦) ಇದೇ ವ್ಯವಸ್ಥೆ ಮುಂದುವರಿದಿದೆ. ಹೀಗೆ ತಾತ, ತಂದೆ, ಮಗ ಎಂಬಂತೆ ಒಂದು ಪುಟವು ಮೂರು ಪುಟವಾಯಿತು.

ರಚನೆಯ ದೃಷ್ಟಿಯಿಂದ ಇದು ಸಾಧುವಾದ ಕೆಲಸವೇ ಸರಿ. ಆದರೆ ಓದುಗನ ಗತಿಯೇನು? ಯಂತ್ರವು ಸಿದ್ಧಪಡಿಸಿದ ವಿವರಣೆಗಳು ಫಂಕ್ಷನ್ ಎಲ್ಲಿ ಹುಟ್ಟಿತೆಂಬುದನ್ನು ನೋಡುತ್ತವೆಯೇ ಹೊರತು ಯಾರಿಗೆ ಬೇಕೆಂಬುದನ್ನು ನೋಡುವುದಿಲ್ಲ. ಪಿತ್ರಾರ್ಜಿತವಾದುದೆಲ್ಲವನ್ನೂ ಸೇರಿಸಿದ ಇನ್ನೊಂದು ಪಟ್ಟಿ ಪ್ರತ್ಯೇಕ ಪುಟದಲ್ಲಿದೆಯಾದರೂ ಅದು ಮತ್ತೆ ವರ್ಣಕ್ರಮದ್ದೇ. ಹೀಗಿರಲು ಒಡೆದುಹೋದುದನ್ನು ಕೂಡಿಸಿ ತೋರಿಸುವುದು ಹಳೆಯ ಕೋಷ್ಟಕವೊಂದೇ. ಘಟನೆ, ಪಠ್ಯ, ಕರ್ಸರು ಎಂಬ ಗುಂಪುಗಳನ್ನು ಅದು ಕೈಬಿಡಲಿಲ್ಲ. ಅವುಗಳ ಫಂಕ್ಷನ್‌ಗಳು ಈಗ ತಂದೆಯ ಅಥವಾ ತಾತನ ಪುಟದಲ್ಲಿದ್ದರೂ ಅಲ್ಲಿಗೆ ದಾರಿ ತೋರಿಸುತ್ತದೆ. ಅಪ್ಲಿಕೇಷನ್ ಎಂಬ ಕಲ್ಪನೆಯ ಏಕತೆಯು ಮೂಲಪಾಠದಲ್ಲಿ ಹಂಚಿಹೋಗಿ ಆಕರಪುಟದಲ್ಲಿ ಉಳಿದುಕೊಂಡಿತೆಂದು ಹೇಳಿದರೆ ಅತಿಶಯವಾಗಲಾರದು.

೬

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತೊಂದುಂಟು. ಕೈಯಿಂದ ಮಾಡಿದ ಕ್ರಮವು ಹಳಸುತ್ತದೆ. ಇಲ್ಲದ ಫಂಕ್ಷನ್ನಿನತ್ತ ಕೋಷ್ಟಕವು ಬೆರಳು ತೋರಿದರೆ, ಕೊಂಡಿ ಮುರಿದಿದೆಯೆಂದು ಉಪಕರಣವು ಎಚ್ಚರಿಸಬಲ್ಲದು. ಹೊಸದಾಗಿ ಬಂದ ಫಂಕ್ಷನ್ ಕೋಷ್ಟಕಕ್ಕೆ ಸೇರದೆ ಉಳಿದರೆ ಆ ಲೋಪವು ತಾನಾಗಿ ಹೊರಬೀಳುವುದಿಲ್ಲ. ಕೋಷ್ಟಕವು ಸಂಪೂರ್ಣವೆಂದು ನಂಬಿದ ಓದುಗನು ಆಗ ಮೋಸಹೋಗುತ್ತಾನೆ. ಈ ಆಕ್ಷೇಪವು ಬಲವಾದದ್ದೇ.

ಇದಕ್ಕೆ ಸಮಾಧಾನವು ಜಿಟಿಕೆ ಎಂಬ ಇನ್ನೊಂದು ಟೂಲ್‌ಕಿಟ್ಟಿನ ಚರಿತ್ರೆಯಲ್ಲಿ ದೊರೆಯುತ್ತದೆ. ಅದರಲ್ಲಿ ೨೦೧೧ರಲ್ಲಿ ಬಂದ ಮೂರನೆಯ ಮಹಾವೃತ್ತಿಯವರೆಗೆ ಅಪ್ಲಿಕೇಷನ್ ಕ್ಲಾಸೇ ಇರಲಿಲ್ಲ. ಆರಂಭಕ್ಕೂ ಘಟನೆಗಳ ಚಕ್ರಕ್ಕೂ ಬಿಡಿ ಫಂಕ್ಷನ್‌ಗಳಿದ್ದವು. ಅದರ ಆಕರಗ್ರಂಥವನ್ನು ಸಿದ್ಧಪಡಿಸುತ್ತಿದ್ದ ಜಿಟಿಕೆ-ಡಾಕ್ ಎಂಬ ಉಪಕರಣದಲ್ಲಿ, ಯಾವುದು ಯಾವ ಪುಟದಲ್ಲಿ ಯಾವ ಅನುಕ್ರಮದಲ್ಲಿ ಬರಬೇಕೆಂಬುದನ್ನು ಮನುಷ್ಯನು ಒಂದು ಕಡತದಲ್ಲಿ ಬರೆದಿಡುತ್ತಿದ್ದನು. ಆ ಕಡತದಲ್ಲಿ ಸ್ಥಾನ ದೊರೆಯದ ಹೆಸರುಗಳ ಪಟ್ಟಿಯನ್ನು ಉಪಕರಣವೇ ತಯಾರಿಸಿ ಮುಂದಿಡುತ್ತಿದ್ದಿತು. ಕ್ರಮಪಡಿಸುವುದು ಮನುಷ್ಯನ ಕೆಲಸ, ಲೆಕ್ಕ ಒಪ್ಪಿಸುವುದು ಯಂತ್ರದ ಕೆಲಸ ಎಂಬ ಈ ವಿಭಾಗವು ಸರ್ವಥಾ ಶ್ಲಾಘ್ಯವಾದದ್ದು. ೨೦೨೧ರಲ್ಲಿ ಜಿಟಿಕೆಯ ಆಕರಗ್ರಂಥವು ಜಿಐ-ಡಾಕ್‌ಜೆನ್ ಎಂಬ ಹೊಸ ಉಪಕರಣಕ್ಕೆ ವರ್ಗಾಯಿಸಲ್ಪಟ್ಟಿತು. ಶ್ರಮವು ಕಡಮೆಯಾಯಿತು, ಹಳಸುವ ಭಯವೂ ತಪ್ಪಿತು. ಕೈಯಿಂದ ಬರೆದ ಅನುಕ್ರಮವೂ ಅದರೊಡನೆ ಹೋಯಿತು. ಒಬ್ಬರು ಕೋಷ್ಟಕವನ್ನು ಉಳಿಸಿಕೊಂಡು ಲೆಕ್ಕವನ್ನು ಬಿಟ್ಟರು. ಇನ್ನೊಬ್ಬರು ಲೆಕ್ಕವೇ ಬೇಡವಾಗುವಂತೆ ಕೋಷ್ಟಕವನ್ನು ಬಿಟ್ಟರು. ಎರಡನ್ನೂ ಏಕತ್ರ ಇಟ್ಟುಕೊಳ್ಳುವುದು ಅಸಾಧ್ಯವಲ್ಲವೆಂಬುದಕ್ಕೆ ಜಿಟಿಕೆ-ಡಾಕ್ ಸಾಕ್ಷಿಯಾಗಿದೆ.

೭

ಇದುವರೆಗಿನ ವಿಚಾರದಿಂದ ಫಲಿಸುವ ಸಿದ್ಧಾಂತವಿಷ್ಟು. ವರ್ಣಕ್ರಮವು ಹೆಸರನ್ನು ಬಲ್ಲವನಿಗೆ, ರೂಪಕ್ರಮವು ಭಾಷೆಯ ನಿಯಮವನ್ನು ಬಲ್ಲವನಿಗೆ, ವಿಷಯಕ್ರಮವು ತನ್ನ ಅಗತ್ಯವೊಂದನ್ನು ಮಾತ್ರ ಬಲ್ಲವನಿಗೆ. ಆಕರಗ್ರಂಥಕ್ಕೆ ಈ ಮೂವರೂ ಬರುತ್ತಾರೆ, ಮೂರನೆಯವನೇ ಹೊಸಬನು. ಅವನನ್ನು ಬಾಗಿಲಲ್ಲಿಯೇ ತಡೆದ ಗ್ರಂಥವು ಮೊದಲೇ ಬಲ್ಲವರ ಜ್ಞಾಪಕಕ್ಕೆ ಸಹಾಯಕವಾದೀತು, ಹೊಸಬರನ್ನು ವಿದ್ಯಾವಂತರನ್ನಾಗಿ ಮಾಡಲಾರದು. ಅಪ್ಲಿಕೇಷನ್ ಕ್ಲಾಸಿನಂಥ ಸಂಕೀರ್ಣ ವಸ್ತುವಿನ ವಿಷಯದಲ್ಲಿಯಂತೂ ಯಾವುದರ ಮಗ್ಗುಲಲ್ಲಿ ಯಾವುದು ಕೂಡಬೇಕೆಂಬ ನಿರ್ಣಯವೇ ಅರ್ಥವಿವರಣೆಯಾಗುತ್ತದೆ. ಆ ನಿರ್ಣಯವನ್ನು ಮಾಡತಕ್ಕವನು ವಸ್ತುವನ್ನು ಸಮಗ್ರವಾಗಿ ಕಂಡವನಾಗಿರಬೇಕು. ಹೆಸರುಗಳನ್ನು ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೂ ಕೋಶಕಾರನಿಗೆ ಉಳಿಯುವ ಕರ್ತವ್ಯವು ಇದೇ ಆಗಿದೆ.