ಮಕ್ಕಳ ಸಕ್ಕರೆ ಕಾಯಿಲೆ: ಕಿರಿಯ ವೈದ್ಯರು ಕಲಿಯುವುದು, ಮನೆಯವರು ತಿಳಿದಿರಬೇಕಾದದ್ದು

ಸಕ್ಕರೆ ಕಾಯಿಲೆ ದೊಡ್ಡವರಿಗೆ ಮಾತ್ರ ಬರುತ್ತದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಟೈಪ್ 1 ಮಧುಮೇಹ ಪುಟ್ಟ ಮಕ್ಕಳಿಗೂ ಬರುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಮಾಡುವುದು ಇದಕ್ಕೆ ಕಾರಣ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಂದೆ ತಾಯಿಯ ತಪ್ಪೂ ಅಲ್ಲ. ಪಥ್ಯ, ನಾಟಿ ಮದ್ದುಗಳಿಂದ ವಾಸಿಯಾಗದು. ಪ್ರತಿದಿನ ಇನ್ಸುಲಿನ್ ಬೇಕೇ ಬೇಕು.

ನಮ್ಮ ಎರಡು ಜಿಲ್ಲೆಗಳಲ್ಲಿ ವೈದ್ಯ ಶಿಕ್ಷಣಕ್ಕೆ ಕೊರತೆಯಿಲ್ಲ. ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು 1966ರದು, ಪಿ.ಎಸ್.ಜಿ. ಕಾಲೇಜು 1985ರದು. ತಿರುಪ್ಪೂರಿನ ಸರ್ಕಾರಿ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಬೋಧನಾ ಆಸ್ಪತ್ರೆಗೆ ರಾತ್ರಿ ಬಂದ ಮಗುವನ್ನು ಸಾಮಾನ್ಯವಾಗಿ ಮೊದಲು ನೋಡುವವರು ಹೌಸ್ ಸರ್ಜನ್ ಅಥವಾ ಸ್ನಾತಕೋತ್ತರ ವಿದ್ಯಾರ್ಥಿ. ಅವರು ಕಲಿಯಬೇಕಾದ ಪಾಠ ಮುಖ್ಯವಾಗಿ ಮೂರು.

ಮೊದಲನೆಯದು, ಅನುಮಾನಿಸುವುದು
ಅತಿ ಬಾಯಾರಿಕೆ, ಪದೇಪದೇ ಮೂತ್ರ, ತೂಕ ಇಳಿಯುವುದು, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡುವುದು: ಇವು ಲಕ್ಷಣಗಳು. ತಡವಾದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತವೆ. ಆಗ ಅಪೆಂಡಿಸೈಟಿಸ್, ನ್ಯುಮೋನಿಯಾ ಎಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಬೆರಳಿನ ಒಂದು ಹನಿ ರಕ್ತ ಸಾಕು, ಗ್ಲುಕೋಮೀಟರ್ ಒಂದು ನಿಮಿಷದೊಳಗೆ ಹೇಳುತ್ತದೆ. ಇಟಲಿಯ ಪಾರ್ಮಾದಲ್ಲಿ 1991ರಿಂದ ಶಾಲೆ, ಕ್ಲಿನಿಕ್‌ಗಳಲ್ಲಿ ಹಾಸಿಗೆ ಒದ್ದೆಯ ವಿಷಯ ಬರೆದ ಪೋಸ್ಟರ್ ಅಂಟಿಸಿದರು. ಹೊಸದಾಗಿ ಪತ್ತೆಯಾದ ಮಕ್ಕಳಲ್ಲಿ ಈ ಆಮ್ಲ ಸ್ಥಿತಿಗೆ ತಲುಪಿದವರ ಪಾಲು ಶೇ. 78ರಿಂದ ಶೇ. 12.5ಕ್ಕೆ ಇಳಿಯಿತು.

ಎರಡನೆಯದು, ಅವಸರ ಮಾಡದಿರುವುದು
ಸಕ್ಕರೆ ಏರಿದೆ ಎಂದು ಕೂಡಲೇ ಇನ್ಸುಲಿನ್ ಚುಚ್ಚುವಂತಿಲ್ಲ. ಮೊದಲು ಸಲೈನ್: ತೂಕದ ಪ್ರತಿ ಕಿಲೋಗೆ 10ರಿಂದ 20 ಮಿ.ಲೀ. ಅದು ಶುರುವಾಗಿ ಕನಿಷ್ಠ ಒಂದು ಗಂಟೆಯ ನಂತರ ಇನ್ಸುಲಿನ್, ಗಂಟೆಗೆ ಕಿಲೋಗೆ 0.05ರಿಂದ 0.1 ಯೂನಿಟ್. ಪೊಟ್ಯಾಸಿಯಂ ಕುಸಿಯದಂತೆ ನೋಡಬೇಕು. ಮಕ್ಕಳಲ್ಲಿ ಮೆದುಳು ಊದಿಕೊಳ್ಳುವ ಅಪಾಯವಿರುವುದರಿಂದ ತಲೆನೋವು, ಮಂಪರು ಕಂಡರೆ ತಕ್ಷಣ ಹಿರಿಯರನ್ನು ಕರೆಯಬೇಕು.

ಮೂರನೆಯದು, ಮನೆಯವರಿಗೆ ಕಲಿಸುವುದು
ಆಸ್ಪತ್ರೆಯಿಂದ ಹೊರಟ ಮೇಲೆ ಮನೆಯವರೇ ವೈದ್ಯರು. ಅವರಿಗೆ ಇಷ್ಟು ಗೊತ್ತಿರಬೇಕು:

• ಇನ್ಸುಲಿನ್ ಬಾಟಲಿ ಮಿ.ಲೀ.ಗೆ 40 ಯೂನಿಟ್, 100 ಯೂನಿಟ್ ಎಂದು ಎರಡು ಬಗೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಮದ್ದನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ.
• ಫ್ರಿಜ್ ಇಲ್ಲದಿದ್ದರೆ ಒದ್ದೆ ಮರಳಿನ ಮಣ್ಣಿನ ಮಡಕೆಯಲ್ಲಿ, ನೀರು ತಾಗದಂತೆ ಡಬ್ಬಿಯೊಳಗೆ ಇಡಬಹುದು.
• ಜ್ವರ, ವಾಂತಿ ಬಂದು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.
• ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಖರ್ಚಿನ ಚಿಂತೆಯಿರುವವರಿಗೆ ಒಂದು ಮಾಹಿತಿ: ಡಾ. ಕೃಷ್ಣನ್ ಸ್ವಾಮಿನಾಥನ್ ಅವರು ಕಟ್ಟಿದ ಕೊಯಮತ್ತೂರಿನ ಇದಯಂಗಳ್ ಟ್ರಸ್ಟ್ ಟೈಪ್ 1 ಇರುವ ಬಡ ಮಕ್ಕಳಿಗೆ ನೆರವಾಗುತ್ತಿದೆ.

ಸಿರುಮುಗೈ, ನೆಗಮಮ್ ಕಡೆಯ ದೇವಾಂಗ ನೇಕಾರರ ಮನೆಮಾತು ಕನ್ನಡ, ಆಸ್ಪತ್ರೆಯ ಮಾತು ತಮಿಳು. ಮಗುವಿನ ಹಾಸಿಗೆ ಒದ್ದೆಯಾಗುತ್ತಿರುವುದನ್ನು ಮೊದಲು ಗಮನಿಸುವುದು ಅಜ್ಜಿಯೇ ಇರಬಹುದು. ವೈದ್ಯರ ಮುಂದೆ ಆ ಮಾತು ಬಿಟ್ಟುಹೋಗಬಾರದು. ಕನ್ನಡ ಆಡುವವರೆಲ್ಲರಿಗೂ ಕನ್ನಡ ಓದಲು ಬರುವುದಿಲ್ಲವಾದ್ದರಿಂದ, ಸದಸ್ಯರು ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ನಮ್ಮ ಮಕ್ಕಳಲ್ಲಿ ವೈದ್ಯ ವಿದ್ಯಾರ್ಥಿಗಳಿದ್ದರೆ ಅವರಿಗೂ ಕಳುಹಿಸಿ. ತಾಯಂದಿರಿಗೆ ಕನ್ನಡದಲ್ಲಿ ವಿವರಿಸಲು ಅವರಿಗಿಂತ ತಕ್ಕವರು ಯಾರು?